ಅತ್ತೆಯ ಗುಂಡಿ ಪಟ್ಟಿ

ಟೈಲರಮ್ಮನ ಅತ್ತೆಗೆ ಕಣ್ಣು ಕಾಣದು. ಈಗ ಉಬ್ಬಸವೂ ಶುರುವಾಗಿತ್ತು. ಯಾವ ದಿನ ಜಾಸ್ತಿಯಾಗುತ್ತದೆಂದು ಗುರುತಿಟ್ಟು ತರಲು ಡಾಕ್ಟರು ಹೇಳಿದ್ದರು.

"ಉಸಿರು ನಂದು, ಲೆಕ್ಕಾನೂ ನಂದೇ. ಗುಂಡಿ ಡಬ್ಬಿ ಕೊಡು," ಎಂದರು ಅತ್ತೆ. ಸೊಸೆ ಸೂಜಿಗೆ ದಾರ ಪೋಣಿಸಿಕೊಟ್ಟಳು. ಉದ್ದನೆಯ ಬಟ್ಟೆಪಟ್ಟಿಗೆ ದಿನಕ್ಕೊಂದು ಗುಂಡಿ ಬಿತ್ತು: ಹಾಯಾದ ದಿನಕ್ಕೆ ಅಂಗಿಯ ಸಣ್ಣದು, ಏದುಸಿರಿನ ದಿನಕ್ಕೆ ಕೋಟಿನ ದೊಡ್ಡದು.

ನಾಲ್ಕು ವಾರ ಕಳೆದು, ಡಾಕ್ಟರ ಬಳಿ ಹೊರಡುವಾಗ ಸೊಸೆ ಪಟ್ಟಿಯನ್ನು ಬಿಡಿಸಿ ನೋಡಿದಳು. ಐದು ಸಣ್ಣವು, ಎರಡು ದೊಡ್ಡವು. ಮೊದಲ ಮೂರು ವಾರವೂ ಹಾಗೆಯೇ. ವಾರದ ಆ ಎರಡು ದಿನ ಅವಳು ಅದೇ ಕೋಣೆಯಲ್ಲಿ ದಿಂಬುಗಳಿಗೆ ಹತ್ತಿ ತುಂಬುತ್ತಿದ್ದಳು. ಆದರೆ ಕೊನೆಯ ವಾರ ಏಳೂ ಸಣ್ಣವೇ.

"ನಿನ್ನೆ ನಾನು ಹತ್ತಿ ತುಂಬುವಾಗ ಅಷ್ಟೊಂದು ಒದ್ದಾಡಿದ್ರಲ್ಲ ಅತ್ತೆ, ದೊಡ್ಡ ಗುಂಡಿ ಎಲ್ಲಿ?"

"ಮುಗಿದುಹೋಗಿತ್ತು ಕಣೇ."

ಡಬ್ಬಿಯ ತುಂಬ ದೊಡ್ಡ ಗುಂಡಿಗಳಿದ್ದವು.

"ಸುಳ್ಳು ಹೇಳೋಕೂ ಬರಲ್ಲ ನಿಮಗೆ."

"ಪಟ್ಟಿ ಸವರಿದಾಗ, ಉಬ್ಬಸ ಹತ್ತಿಯಿಂದ ಅಂತ ಬೆರಳಿಗೆ ಗೊತ್ತಾಗ್ಹೋಯ್ತು. ನೀನು ಕೆಲಸ ಬಿಟ್ಬಿಡ್ತೀಯಾಂತ..."

"ಬಿಡಲ್ಲ. ಹಿತ್ತಲಲ್ಲಿ ಕೂತು ತುಂಬ್ತೀನಿ."

ಸೊಸೆ ಕೊನೆಯ ವಾರದ ಎರಡು ಸಣ್ಣ ಗುಂಡಿಗಳನ್ನು ಬಿಚ್ಚಿದಳು. ಸೂಜಿಗೆ ದಾರ ಪೋಣಿಸಿ ಅತ್ತೆಯ ಕೈಗಿಟ್ಟಳು.

"ದೊಡ್ಡದು ಹಾಕಿ. ಡಾಕ್ಟರು ಕಾಯ್ತಿರ್ತಾರೆ."