ಓರ್ವಲ್ ಕೇಗಲ್ ಕೈಗವಸು ಆರಿಸಿದ್ದು

ಬಾತುಬೇಟೆ ಶುರುವಾಗುವ ಹಿಂದಿನ ವಾರ ನಮ್ಮ ಅಂಗಡಿಯಲ್ಲಿ ಕೂರಲು ಪುರುಸೊತ್ತಿರುವುದಿಲ್ಲ. ಅಮೆರಿಕದ ಅರ್ಕಾನ್ಸಾದ ಈ ಭತ್ತದ ಸೀಮೆಯಲ್ಲಿ ಬಾತುಗಳು ಇಳಿಯಲೆಂದು ಕೊಯ್ಲಾದ ಗದ್ದೆಗಳಲ್ಲಿ ನೀರು ನಿಲ್ಲಿಸಿದರೆಂದರೆ ಊರಿನ ಗಂಡಸರಿಗೆಲ್ಲ ಅದೊಂದೇ ಧ್ಯಾನ. ನಿಂತು ನಿಂತು ನನ್ನ ಕಾಲುಗಳು ಊದಿಕೊಂಡಿರುತ್ತವೆ. ಅವರೋ, ಒಂದು ಜೊತೆ ಕೈಗವಸಿಗೆ ಚಿನ್ನ ಕೊಳ್ಳುವವರಂತೆ ಇಡೀ ಅಂಗಡಿ ಕೆದಕುತ್ತಾರೆ. ಅವರ ಬಾಯಿ ಮುಚ್ಚಿಸಲೆಂದೇ ಗಲ್ಲಾದ ಪಕ್ಕ ಐಸ್ ಹಾಕಿದ ನೀರಿನ ಬಕೆಟ್ ಇಟ್ಟಿದ್ದೇನೆ. ಹಾಕಿಕೋ, ಮೊಣಕೈವರೆಗೆ ಅದ್ದು, ಬೆಚ್ಚಗಿದ್ದರೆ ಕೊಳ್ಳು, ಇಲ್ಲದಿದ್ದರೆ ದಾರಿ ಬಿಡು.

ಆ ಬಕೆಟ್ಟಿಗೆ ಓರ್ವಲ್ ಕೇಗಲ್‌ನಷ್ಟು ಕಾಟ ಕೊಟ್ಟವರು ಇನ್ನೊಬ್ಬರಿಲ್ಲ. ಪಟ್ಟಣದಿಂದ ಬರುವ ಬೇಟೆಗಾರರನ್ನು ಗದ್ದೆಗೆ ಕರೆದೊಯ್ಯುವುದೇ ಅವನ ಕಸುಬು. ಬೆಳಕು ಹರಿಯುವ ಮೊದಲೇ ಸೊಂಟದುದ್ದ ನೀರಿಗಿಳಿದು ಹಿಂಡನ್ನು ಸೆಳೆಯುವ ಪ್ಲಾಸ್ಟಿಕ್ ಬಾತುಗಳನ್ನು ತೇಲಿಬಿಡಬೇಕು, ಬೇಟೆ ಮುಗಿದ ಮೇಲೆ ಹೆಪ್ಪುಗಟ್ಟಿದ ಹಗ್ಗ ಎಳೆದು ಅವನ್ನೆಲ್ಲ ಮತ್ತೆ ಒಟ್ಟುಮಾಡಬೇಕು. ನಡುವೆ ಹುಲ್ಲಿನ ಮರೆಯಲ್ಲಿ ಕೂತು ಪೀಪಿ ಊದಿ ಬಾತುಗಳನ್ನು ಕರೆಯಬೇಕು. ಪೀಪಿ ಮಾತ್ರ ಬರಿಗೈಯಲ್ಲೇ ಹಿಡಿಯಬೇಕೆಂಬುದು ಅವನ ಹಟ. ಅವನು ಊದಿದರೆ ಹಾರಿಹೋಗುತ್ತಿದ್ದ ಹಿಂಡೂ ತಿರುಗಿ ಇಳಿಯುತ್ತಿತ್ತು, ಸುಳ್ಳಲ್ಲ. ಒದ್ದೆ ಕೈ ಗಾಳಿಗೊಡ್ಡಿಕೊಂಡೇ ಅವನ ಚಳಿಗಾಲಗಳೆಲ್ಲ ಕಳೆದವು.

ಕಳೆದ ಜನವರಿಯಲ್ಲಿ ಚಳಿಗೆ ಅವನ ಬೆರಳ ತುದಿಗಳು ಕಪ್ಪಗಾದವು. ಇನ್ನೊಮ್ಮೆ ಹೀಗಾದರೆ ಕತ್ತರಿಸಬೇಕಾಗುತ್ತದೆಂದು ಡಾಕ್ಟರು ಹೇಳಿದರು. ಅವನ ಹೆಂಡತಿ ಜೂಯಲ್ ಒಂದೇ ಮಾತು ಹೇಳಿಬಿಟ್ಟಳು: ಕೈ ಬೆಚ್ಚಗಿಡುವ ಕೈಗವಸು ಸಿಕ್ಕರೆ ಹೋಗು, ಇಲ್ಲದಿದ್ದರೆ ಈ ವರ್ಷ ನೀರಿಗೆ ಕಾಲಿಡಬೇಡ.

ಅದಕ್ಕೇ ಮೊನ್ನೆ ಇಬ್ಬರೂ ಬಂದಿದ್ದರು. ಮಂಡಿನೋವಿನ ಜೂಯಲ್ ಬಾಗಿಲ ಮುಂದೆ ಪಿಕಪ್ ಗಾಡಿಯಲ್ಲೇ ಕೂತಿದ್ದಳು.

"ಏ ಹುಡುಗಿ, ಈ ಸಲ ಆದ್ರೂ ಕೈಗವಸು ತಂದಿದೀಯಾ, ಇಲ್ಲ ಅದೇ ಜರಡಿನಾ?" ಎಂದ ಓರ್ವಲ್. ನನಗೆ ಐವತ್ತೆರಡು.

"ನಿಮ್ಗೋಸ್ಕರ ಮೂಗುದಾರ ತರಿಸೋಣ ಅಂದ್ಕೊಂಡಿದ್ದೆ, ಮಿಸ್ಟರ್ ಓರ್ವಲ್. ಸಿಗ್ಲಿಲ್ಲ."

ನಾನು ಬೇರೆ ಗಿರಾಕಿಯ ಕಡೆ ತಿರುಗಿದ್ದೆ. ಅಷ್ಟರಲ್ಲಿ ಅವನೇ ಗಲ್ಲಾದ ಕೆಳಗಿನ ರಾಶಿಯಿಂದ ಉದ್ದ ತೋಳಿನ ರಬ್ಬರ್ ಜೊತೆಯೊಂದನ್ನು ಎಳೆದು ಹಾಕಿಕೊಂಡು, ಬಲಗೈ ಬಕೆಟ್ಟಿನಲ್ಲಿ ಅದ್ದಿದ. ಪ್ರತಿ ವರ್ಷ ಈ ಹೊತ್ತಿಗೆ ಬೈಗುಳ ಶುರುವಾಗುತ್ತಿತ್ತು. ಈ ಸಲ ಸದ್ದೇ ಇಲ್ಲ.

"ಇದೇ ಇರ್ಲಿ," ಎಂದ. "ಒಳ್ಳೇ ಬೆಚ್ಚಗಿದೆ."

ಮೊದಲ ಜೊತೆಗೇ ಒಪ್ಪಿದನಲ್ಲ ಎಂದು ನನಗೆ ಜೀವ ಬಂದಂತಾಯಿತು. ಆಮೇಲೆ ಕೈಗವಸಿನ ಕಡೆ ನೋಡಿದೆ. ಹೆಬ್ಬೆರಳ ಹೊಲಿಗೆ ಬಿಟ್ಟಿದೆಯೆಂದು ಹಿಂದಿನ ದಿನ ಯಾರೋ ಮರಳಿಸಿದ್ದ ಜೊತೆ ಅದು.

"ಮಿಸ್ಟರ್ ಓರ್ವಲ್, ಒಳಗೆ ನೀರು ಬರ್ತಿಲ್ವಾ?"

"ಒಂದು ಹನಿನೂ ಇಲ್ಲ. ಒಣಗಿದೆ."

"ಕೈ ತೆಗೀರಿ ನೋಡೋಣ."

ಅವನು ತೆಗೆದ. ತೋಳು ಬಾಗಿಸಿದ್ದೇ ತಡ, ಕೈಗವಸಿನಿಂದ ನೀರು ಸುರಿದು ನೆಲವೆಲ್ಲ ಒದ್ದೆಯಾಯಿತು. ಕೈಗವಸು ಕಳಚಿದರೆ ಬೆರಳುಗಳು ಬೆಳ್ಳಗೆ ಸೆಟೆದಿದ್ದವು. ಅವನು ಅವನ್ನು ಬೇರೆ ಯಾರದೋ ಬೆರಳುಗಳೆಂಬಂತೆ ನೋಡಿದ.

"ಜೂಯಲ್‌ಗೆ ಹೇಳ್ಬೇಡ," ಎಂದು ಪಿಸುಗುಟ್ಟಿದ. "ಇನ್ನೊಂದು ಕೊಡು, ತೂತಿಲ್ಲದ್ದು. ಬೆಚ್ಚಗಿದ್ಯೋ ಇಲ್ವೋ ನೀನೇ ಹೇಳ್ಬಿಡು. ಅದನ್ನೇ ತಗೋತೀನಿ."

ಅಷ್ಟರಲ್ಲಿ ಜೂಯಲ್ ಕುಂಟುತ್ತಾ ಒಳಗೆ ಬಂದಳು. ನೆಲದ ಮೇಲಿನ ನೀರು ನೋಡಿದಳು, ಕೈ ನೋಡಿದಳು.

"ಓರ್ವಲ್, ಆ ಕಡೆ ಗೋಡೆ ನೋಡು."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ಅವನ ಕಿರುಬೆರಳ ತುದಿಯನ್ನು ಬಲವಾಗಿ ಅದುಮಿದಳು.

"ಯಾವ ಬೆರಳು?"

ತುಂಬ ಹೊತ್ತು ಯೋಚಿಸಿ ಅವನು, "ನಡುಬೆರಳು," ಎಂದ. "ಸರಿ ತಾನೆ?"

ಅವಳು ತನ್ನ ಕೋಟಿನ ತೋಳಿನಿಂದ ಅವನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಅವನು ತಿರುಗಿ ಅವಳ ಮುಖ ನೋಡಿದ, ಅರ್ಥವಾಯಿತು.

"ಕೈಗವಸು ಎತ್ತಿಡಮ್ಮ," ಎಂದಳು ನನಗೆ. "ನಮಗೆ ಬೇಡ."

"ಹಂಗಾದ್ರೆ ಬೆಳಿಗ್ಗೆ ಎದ್ದು ನಾನೇನ್ ಮಾಡ್ಲಿ, ಜೂಯಲ್?"

"ಏಳ್ಬೇಡ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮದ್ವೆ ಆದಾಗಿಂದ ಚಳಿಗಾಲ ಬಂದ್ರೆ ಒಬ್ಳೇ ಎದ್ದಿದೀನಿ. ಇನ್ನಾದ್ರೂ ನನ್ ಪಕ್ಕ ಮಲಕ್ಕೋ."

ಅವನು ಕೋಟಿನ ಗುಂಡಿ ಹಾಕಿಕೊಳ್ಳಲು ಹೋದ, ಆಗಲಿಲ್ಲ. ಅವಳೇ ಹಾಕಿದಳು.