ಅಪ್ಪಾಜಿಯ ಎಡಗೈ

ಲಿಂಗ ಕೈಯಿಂದ ಜಾರಿ ಬಿದ್ದದ್ದನ್ನು ಅಪ್ಪಾಜಿ ಮೂರು ದಿನ ಯಾರಿಗೂ ಹೇಳಿರಲಿಲ್ಲ. ಬೆಳಗಿನ ಪೂಜೆಗೆ ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡಿದ್ದಾರೆ, ಬೆರಳಲ್ಲಿ ಬಲವಿಲ್ಲದೆ ಅದು ಉರುಳಿ ನೆಲಕ್ಕೆ ಬಿದ್ದಿದೆ. ಬೇರೆ ಯಾರಾದರೂ ಆಗಿದ್ದರೆ ಕೈಗೇನಾಯಿತು ಎಂದು ನೋಡಿಕೊಳ್ಳುತ್ತಿದ್ದರು. ನಮ್ಮಪ್ಪಾಜಿ ತಮ್ಮಿಂದ ಅಪಚಾರವಾಯಿತು ಎಂದುಕೊಂಡು ಉಪವಾಸ ಕೂತರು! ಅಣ್ಣ-ಅತ್ತಿಗೆಗೆ ಹಸಿವಿಲ್ಲ ಎಂದು ಸುಳ್ಳು ಹೇಳಿದರು. ನಾಲ್ಕನೇ ದಿನ ದಾವಣಗೆರೆಯ ಸರಸ್ವತಿ ನಗರದ ಮನೆಯ ಬಚ್ಚಲ ಬಾಗಿಲಲ್ಲಿ ಕುಸಿದರು.

ಅತ್ತಿಗೆ ಫೋನ್ ಮಾಡಿದಾಗ ನಾನು ಹರಿಹರದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಬಸ್ ಹತ್ತಿದೆ. ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು, ತಕ್ಷಣ ತಲೆಯ ಸ್ಕ್ಯಾನ್ ಆಗಬೇಕು, ಮೈಮೇಲೆ ಲೋಹ ಇರಬಾರದು ಎಂದಿದ್ದರು. ಅಪ್ಪಾಜಿ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದು ಮಲಗಿದ್ದರು. ಲಿಂಗವಿರುವ ಆ ಕರಡಿಗೆ ಅವರ ಕೊರಳಿಂದ ಇಳಿದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

"ಒಮ್ಮೆ ಕೆಡವೀನಿ. ಈಗ ಬಿಚ್ಚಿ ಬ್ಯಾರೆ ಇಡ್ಲಾ? ಬ್ಯಾಡ," ಅಂದರು. ಆ ಮೂರು ದಿನದ ಕಥೆಯೆಲ್ಲ ಆಗ ಹೊರಬಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. "ಅಪ್ಪಾಜಿ, ಅದು ಅಪಚಾರ ಅಲ್ರಿ, ಲಕ್ವ! ಕೈ ಸ್ವಾಧೀನ ತಪ್ತಾ ಐತೆ, ನೀವು ಉಪವಾಸ ಮಾಡ್ಕಂತ ಕೂತೀರಲ್ರಿ!" ವಾರ್ಡಿನವರೆಲ್ಲ ತಿರುಗಿ ನೋಡಿದರು. ನೋಡಲಿ.

ಅಪ್ಪಾಜಿ ಕರಡಿಗೆಯ ಮೇಲಿನ ಹಿಡಿತ ಸಡಿಲಿಸಿ, "ಹಂಗಾದ್ರೆ ನೀನು ಹಿಡ್ಕ. ಕೆಳಗಿಡಬ್ಯಾಡ," ಎಂದರು.

ಹೋಗಿ ಹೋಗಿ ನನ್ನ ಕೈಗೆ! ಆರು ವರ್ಷದ ಹಿಂದೆ ನನ್ನ ಎಂಟು ತಿಂಗಳ ಕೂಸು ಜ್ವರದಲ್ಲಿ ತೀರಿಕೊಂಡಾಗ ಕೊರಳಿನ ಲಿಂಗವನ್ನು ಬಿಚ್ಚಿ ಟ್ರಂಕಿಗೆ ಹಾಕಿದವಳು ನಾನು. "ಅವನ ಇಚ್ಛೆ ತಾಯಿ," ಎಂದು ಅಪ್ಪಾಜಿ ಅಂದು ಹೇಳಿದ ಒಂದು ಮಾತಿಗೆ ವರ್ಷವಿಡೀ ತವರಿಗೆ ಕಾಲಿಟ್ಟಿರಲಿಲ್ಲ. ಎಂಥ ಇಚ್ಛೆ ಅದು? ಹಾಲು ಕುಡಿಯುವ ಕೂಸಿನ ಮೇಲೆ?

ಸ್ಕ್ಯಾನ್ ಕೋಣೆಯ ಹೊರಗೆ ಅರ್ಧ ಗಂಟೆ ಕರಡಿಗೆ ಹಿಡಿದು ನಿಂತೆ. ಫೋನ್ ಬಡಿದುಕೊಂಡರೂ ಎತ್ತಲಿಲ್ಲ. ಬಾಯಿಗೆ ಬಂದದ್ದೆಲ್ಲ ಒಳಗಿನ ಲಿಂಗಕ್ಕೆ ಪಿಸುದನಿಯಲ್ಲಿ ಅಂದೆ. ಅರವತ್ತು ವರ್ಷ ಎದೆ ಮೇಲೆ ಹೊತ್ತವರಿಗೆ ಇದೇನಾ ನೀನು ಕೊಟ್ಟದ್ದು, ನಾಚಿಕೆ ಆಗಲ್ವಾ ನಿನಗೆ ಎಂದು ಕೇಳಿದೆ. ಇಲ್ಲವೇ ಇಲ್ಲ ಎಂದು ಬಿಟ್ಟವನನ್ನು ಬೈಯುತ್ತ ನಿಂತಿದ್ದೇನಲ್ಲ ಎಂದು ನನ್ನ ಮೇಲೂ ಸಿಟ್ಟು ಬಂತು.

ಜೀವಕ್ಕೇನೂ ಭಯವಿಲ್ಲ ಎಂದರು ಡಾಕ್ಟರು. ಬಲ ಕಮ್ಮಿಯಾದ ದಿನವೇ ಬಂದಿದ್ದರೆ ಕೈಯೂ ಉಳಿಯುತ್ತಿತ್ತೇನೋ, ಈಗ ಹೇಳಲಾಗದು ಎಂದರು.

ಮನೆಗೆ ಕರೆತಂದ ದಿನ ನೋಡಲು ಬಂದ ದೊಡ್ಡಮ್ಮ ಮಂಚದ ಪಕ್ಕದಲ್ಲೇ ಕೂತು, "ಲಿಂಗ ಬಿದ್ದ ಮ್ಯಾಲೆ ಇನ್ನೇನ್ ಆಗ್ತೈತವ್ವ," ಎಂದರು. "ಕಾಫಿ ಕುಡಿದು ಏಳ್ರಿ ದೊಡ್ಡಮ್ಮ," ಎಂದೆ. ಅತ್ತಿಗೆ ನನ್ನ ಕಾಲು ತುಳಿದಳು.

ಮರುದಿನ ಬೆಳಿಗ್ಗೆ ಅಪ್ಪಾಜಿ ಪೂಜೆಗೆ ಕೂತರು. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬಲಗೈಯಿಂದ ಅದನ್ನು ಎತ್ತಿ ಎತ್ತಿ ನೋಡಿದರು; ನಿಲ್ಲಲಿಲ್ಲ. ಅವರ ಮುಖ ನೋಡಲಾಗದೆ ಎದುರಿಗೆ ಕೂತು, ಆ ಕೈಯ ಕೆಳಗೆ ನನ್ನ ಎರಡೂ ಕೈ ಕೊಟ್ಟೆ. ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡರು. ವಿಭೂತಿ, ಪತ್ರೆ ಎಲ್ಲ ಆಯಿತು. ಆಮೇಲೂ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ಬಹಳ ಹೊತ್ತು ಕೂತರು. ನನ್ನ ರಟ್ಟೆ ಸೋತುಬಂತು.

"ಇನ್ನೂ ಏನ್ ಬೇಡ್ಕಂತೀರಿ ಅಪ್ಪಾಜಿ?"

"ಬೇಡ್ಕಂತಿಲ್ಲ. ಬೈತಿದೀನಿ."

"ಕೈ ಹೋಗಿದ್ದಕ್ಕಾ?"

"ಕೈ ಹೋಗ್ಲಿ ಬಿಡು. ನಿನ್ನ ಕೂಸನ್ನ ಯಾಕ ಒಯ್ದೆ ಅಂತ. ಆರು ವರ್ಷ ಆತು, ದಿನಾ ಕೇಳ್ತೀನಿ. ಬಾಯೇ ಬಿಡಲ್ಲ ಕಳ್ಳ."

ಅವರ ಕೈಯನ್ನು ಕೆಳಗಿನಿಂದ ಇನ್ನಷ್ಟು ಒತ್ತಿ ಹಿಡಿದೆ.

"ಬೈರಿ ಅಪ್ಪಾಜಿ," ಅಂದೆ. "ನಾನು ಹಿಡ್ಕಂಡಿರ್ತೀನಿ."