ರೇಡಿಯೇಟರಿಗೆ ಅರಿಸಿನ

ಅಪ್ಪ ತೀರಿಕೊಂಡ ಮೇಲೆ ಕೊಟ್ಟಿಗೆಯ ಪಕ್ಕ ನಿಂತೇ ಇದ್ದ ಅವನ ಪಿಕಪ್ಪು ಇವತ್ತು ಸ್ಟಾರ್ಟ್ ಆಯಿತು. ಮೆಕ್ಯಾನಿಕ್ಕು ಹೊಸ ಬ್ಯಾಟರಿ ಹಾಕಿ, ರೇಡಿಯೇಟರಿಗೆ ನೀರು ತುಂಬಿದ್ದ. ಎಂಜಿನ್ನು ಬಿಸಿಯಾಗುತ್ತಿದ್ದಂತೆ ಅರಿಸಿನದ ವಾಸನೆ ಎದ್ದಿತು.

ಆ ವಾಸನೆಗೆ ನಾನು ಮತ್ತೆ ಚಿಕ್ಕವಳಾಗಿ, ಫ್ರಾಕು ತೊಟ್ಟು ಅಪ್ಪನ ಪಕ್ಕದ ಸೀಟಿನಲ್ಲಿದ್ದೆ. ಕ್ಯಾತನಹಳ್ಳಿಯ ಮಂಜಿನಲ್ಲಿ ಕಬ್ಬಿನ ಗದ್ದೆಗಳು ಹಿಂದಕ್ಕೆ ತೇಲುತ್ತಿದ್ದವು. ರೇಡಿಯೇಟರು ಸೋರಿದಾಗಲೆಲ್ಲ ಅಪ್ಪ ಅಡುಗೆಮನೆಯಿಂದ ಅರಿಸಿನ ಕದ್ದು ತಂದು ಅದಕ್ಕೆ ಸುರಿಯುತ್ತಿದ್ದ, ತೂತು ಮುಚ್ಚಿಕೊಳ್ಳುತ್ತಿತ್ತು.

“ಸಾರಿಗೆ ಆಕೋದ್ನ ಗಾಡಿಗೆ ಸುರೀತೀರಲ್ಲ,” ಎಂದು ಅವ್ವ ಡಬ್ಬಿ ಬಚ್ಚಿಡುತ್ತಿದ್ದಳು.

“ಅದ್ಕೂ ಗಾಯ ಆಗೈತೆ ಕಣಮ್ಮಿ,” ಎನ್ನುತ್ತಿದ್ದ ಅಪ್ಪ.

ಕೆಳಗೆ ಬಗ್ಗಿ ನೋಡಿದ ಮೆಕ್ಯಾನಿಕ್ಕು, “ಇನ್ನೂ ವಸಿ ಸೋರ್ತಾ ಐತೆ ಕಣಕ್ಕ,” ಎಂದ. ನಾನು ಉತ್ತರಿಸುವ ಮೊದಲೇ ಅವ್ವ ಅರಿಸಿನದ ಡಬ್ಬಿ ಹಿಡಿದು ಹೊರಗೆ ಬಂದಿದ್ದಳು.